ಕೈ ಊರದೆ ಏಳುವ ಲೆಕ್ಕ

ನಮ್ಮ ಕಲ್ಲೋಳಿ ಕಡೆ ಹಿರಿಯರ ವಯಸ್ಸು ಎಷ್ಟೆಂದು ಯಾರೂ ನೇರವಾಗಿ ಕೇಳುವುದಿಲ್ಲ. "ಇನ್ನೂ ಹೊಲಕ್ಕ ಹೋಗ್ತಾರೇನ?" ಎಂದು ಕೇಳುತ್ತಾರೆ. "ಹೋಗ್ತಾರ" ಅಂದರೆ ಮನುಷ್ಯ ಗಟ್ಟಿ. "ಇಲ್ಲ, ಮನ್ಯಾಗ ಇರ್ತಾರ" ಅಂದರೆ ಕೇಳಿದವರು ಒಮ್ಮೆ ಉಸ್ಸೆಂದು ಬೇರೆ ಮಾತಿಗೆ ಹೋಗುತ್ತಾರೆ. ಈ ಎರಡು ಉತ್ತರಗಳ ನಡುವೆ ಬಹಳ ದೂರವಿದೆ. ಆ ದಾರಿಯಲ್ಲಿ ನಮ್ಮ ಗಂಡಸರು ಬಲ ಕಳೆದುಕೊಳ್ಳುವುದು ಹೇಗೆ, ಕಳೆದದ್ದರಲ್ಲಿ ಎಷ್ಟನ್ನು ಮರಳಿ ಪಡೆಯಬಹುದು ಎನ್ನುವುದನ್ನು ಹೋದ ವರ್ಷ ನಮ್ಮ ಮನೆಯಲ್ಲೇ ಕಂಡೆ. ಅದನ್ನು ಬರೆದಿಡಬೇಕು ಅನ್ನಿಸಿತು.

ಕಲ್ಲೋಳಿ ಗೊತ್ತಿಲ್ಲದವರಿಗೆ ಒಂದು ಮಾತು. ಮೊದಲು ಗೋಕಾಕ ತಾಲೂಕಿನಲ್ಲಿದ್ದ, ಈಗ ಮೂಡಲಗಿ ತಾಲೂಕಿಗೆ ಸೇರಿದ ಊರು. ಹನುಮಪ್ಪನ ಗುಡಿಯಿಂದ ಹೆಸರಾದದ್ದು. ಶನಿವಾರ ಬಂದರೆ ಸುತ್ತಲಿನ ಊರುಗಳ ಮಂದಿ ಇಲ್ಲಿರುತ್ತಾರೆ. ಸುತ್ತ ಘಟಪ್ರಭೆಯ ನೀರುಂಡ ಕಬ್ಬು, ಗೋವಿನಜೋಳ, ಅರಿಷಿಣ. ಹನುಮಪ್ಪ ಎಂದರೆ ಗರಡಿಯ ದೇವರು. ಬೆಳಗಾವಿ ಜಿಲ್ಲೆಯ ಈ ಸೀಮೆಗೆ ಕುಸ್ತಿಯ ಹುಚ್ಚು ಹಳೆಯದು. ಕೊಲ್ಹಾಪುರವೂ ದೂರವಲ್ಲ. ಅಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ಅಲ್ಲಿನ ಕುಸ್ತಿಯ ಕಥೆಗಳನ್ನು ಕೇಳಿಕೊಂಡೇ ನಮ್ಮಪ್ಪನ ವಾರಿಗೆಯವರು ಬೆಳೆದರು.

ಅಪ್ಪನಿಗೆ ಈಗ 68. ಹದಿನಾರಕ್ಕೆ ಗರಡಿಗೆ ಇಳಿದವನು, ಮೂವತ್ತಕ್ಕೆ ಬಿಟ್ಟ. ಬಿಟ್ಟದ್ದಕ್ಕೆ ಕಾರಣ ಎಲ್ಲರ ಮನೆಯದೇ: ಮದುವೆ, ಮಕ್ಕಳು, ಹೊಲ. ಆದರೆ ಮೈ ದಂಡಿಸುವುದು ನಿಲ್ಲಲಿಲ್ಲ. ಚಕ್ಕಡಿ ಹೂಡುವುದು, ಕುಂಟೆ ಹೊಡೆಯುವುದು, ರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಕಬ್ಬಿಗೆ ನೀರು ಹಾಯಿಸುವುದು, ಕ್ವಿಂಟಲ್ ಚೀಲಕ್ಕೆ ಹೆಗಲು ಕೊಡುವುದು, ಊಟಕ್ಕೆ ನೆಲದ ಮೇಲೆ ಕೂರುವುದು, ಬಯಲಿಗೆ ಕುಕ್ಕುರುಗಾಲಲ್ಲಿ ಕೂರುವುದು. ದಿನಕ್ಕೆ ಎಷ್ಟು ಸಲ ಬಗ್ಗುತ್ತಿದ್ದ, ಎಷ್ಟು ಸಲ ಏಳುತ್ತಿದ್ದ ಎಂದು ಯಾರು ಎಣಿಸಿದ್ದಾರೆ? ವ್ಯಾಯಾಮ ಅನ್ನುವ ಹೆಸರೇ ಅದಕ್ಕೆ ಇರಲಿಲ್ಲ.

ಆಮೇಲೆ ಒಂದೊಂದಾಗಿ ಎಲ್ಲ ಬದಲಾಯಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಹೊಲಕ್ಕೆ ನಡೆಯುವುದು ಹೋಗಿ ಬೈಕು ಬಂತು. ಕಬ್ಬು ಕಡಿಯಲು ಗ್ಯಾಂಗು ಬಂತು. ಮನೆಯಲ್ಲಿ ಶೌಚಾಲಯ ಬಂತು, ಅದರಲ್ಲಿ ಕಮೋಡೂ ಬಂತು. ಮದುವೆಯ ಪಂಕ್ತಿ ನೆಲದಿಂದ ಎದ್ದು ಟೇಬಲ್ಲಿನ ಮೇಲೆ ಹೋಯಿತು. ಗುಡಿಯ ಕಟ್ಟೆಯ ಪಕ್ಕದಲ್ಲೂ ಪ್ಲಾಸ್ಟಿಕ್ ಕುರ್ಚಿ ಬಂತು. ಇವು ಯಾವುವೂ ಕೆಟ್ಟವಲ್ಲ. ಕತ್ತಲಲ್ಲಿ ಹಾವಿನ ಭಯದಲ್ಲಿ ನೀರು ಹಾಯಿಸಿದವರಿಗೆ, ಬೆನ್ನು ಮುರಿಯುವಷ್ಟು ಹೊತ್ತವರಿಗೆ ಆ ದಿನಗಳನ್ನು ಹೊಗಳಿ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಕೆಲಸಗಳ ಜೊತೆಗೇ, ನೆಲ ಮುಟ್ಟಿ ಏಳುವ ಅಭ್ಯಾಸವೂ ಸದ್ದಿಲ್ಲದೆ ಮನೆ ಬಿಟ್ಟು ಹೋಯಿತು.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಟೈಫಾಯಿಡ್. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ. ಜ್ವರ ಇಳಿಯಿತು, ರಿಪೋರ್ಟು ಚಲೋ ಬಂದವು. ಬಿಡುಗಡೆ ಮಾಡುವಾಗ "ಒಂದೆರಡು ತಿಂಗಳು ಪೂರ್ತಿ ರೆಸ್ಟ್" ಎಂದು ಹೇಳಿ ಕಳಿಸಿದರು. ಮನೆಗೆ ಬಂದ ದಿನ ಹೊಸ್ತಿಲು ದಾಟುವಾಗ ಚೌಕಟ್ಟು ಹಿಡಿದ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತವನಿಗೆ ಏಳಲು ಆಗಲಿಲ್ಲ. ಎರಡೂ ಕೈ ನೆಲಕ್ಕೂರಿ, ಮಂಡಿಯ ಮೇಲೆ ಬಂದು, ಅಲ್ಲೇ ನಿಂತುಬಿಟ್ಟ. ಅಣ್ಣ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅವತ್ತಿನಿಂದ ಹೊರಸಿನ ಮೇಲೇ ಊಟ, ಹೊರಸಿನ ಮೇಲೇ ಮಾತು.

ಜ್ವರಕ್ಕೆ ಔಷಧ ಕೊಟ್ಟವರನ್ನು ದೂರುವುದಿಲ್ಲ, ಅವರು ಜೀವ ಉಳಿಸಿದರು. ಆದರೆ ಮಲಗಿದ ದಿನಗಳು ಮಾಡಿದ ಹಾನಿಯ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನಾನು ಹುಡುಕಿ ಓದಲು ಶುರು ಮಾಡಿದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸರಾಸರಿ 67 ವರ್ಷದ 12 ಮಂದಿ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದ್ದರು. ರೋಗವಿಲ್ಲ, ಜ್ವರವಿಲ್ಲ, ಊಟ ಸರಿಯಾಗಿದೆ. ಆದರೂ ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು 1 ಕೆ.ಜಿ. ಸ್ನಾಯು ಕರಗಿತ್ತು. ಮಂಡಿ ಚಾಚುವ ಬಲ ನೂರಕ್ಕೆ 16ರಷ್ಟು ಇಳಿದಿತ್ತು. ಜ್ವರವೂ ಇದ್ದು, ಎರಡು ತುತ್ತು ಗಂಜಿಯಲ್ಲೇ ಹನ್ನೊಂದು ದಿನ ಕಳೆದ ನಮ್ಮಪ್ಪನ ಕಾಲಿನಲ್ಲಿ ಏನು ಉಳಿದಿದ್ದೀತು? ಅವನ ಪ್ರಾಯದ ಮೇಲೆ ಹಾಕಿದ ಲೆಕ್ಕದಲ್ಲಿ ಅರ್ಧ ಹಾಸಿಗೆಯದಾಗಿತ್ತು.

ವಯಸ್ಸಿನ ಪಾಲೂ ಇದೆ, ಇಲ್ಲವೆನ್ನಲಾಗದು. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಕಡಿಮೆಯಾಗುತ್ತ ಹೋಗುತ್ತದೆ, ಅರವತ್ತರ ಮೇಲೆ ಇನ್ನೂ ಜೋರಾಗಿ. ಇದಕ್ಕೆ ವೈದ್ಯರು 'ಸಾರ್ಕೋಪೀನಿಯಾ' ಎನ್ನುತ್ತಾರೆ. 1989ರಲ್ಲಿ ಅರ್ವಿನ್ ರೋಸನ್‌ಬರ್ಗ್ ಎಂಬ ವಿಜ್ಞಾನಿ ಇಟ್ಟ ಹೆಸರು. ನಮ್ಮ ಮಂದಿ ಅದನ್ನೇ "ಕಸುವು ಹೋತು" ಎನ್ನುತ್ತಾರೆ.

ಕಸುವು ಹೋದವನಿಗೆ ನಮ್ಮಲ್ಲಿ ಸಿಗುವ ಮರ್ಯಾದೆಯೇ ಒಂದು ತೊಡಕು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಇಷ್ಟ ವರ್ಷ ದುಡದೀರಿ, ಇನ್ನ ಆರಾಮ ಕುಂದರ್ರಿ." ತಂಬಿಗೆಗೆ ಕೈ ಹಾಕಿದರೆ ಸೊಸೆ ಓಡಿ ಬಂದು ಕೊಡುತ್ತಾಳೆ. ಚೀಲ ಹಿಡಿದರೆ ಮೊಮ್ಮಗ ಕಸಿದುಕೊಳ್ಳುತ್ತಾನೆ. ಅಂಗಳಕ್ಕೆ ಹೊರಟರೆ "ಎಲ್ಲಿಗ್ರಿ?" ಎಂದು ನಾಲ್ಕು ದನಿ ಏಳುತ್ತವೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಹಿರಿಯರನ್ನು ಕೂಡ್ರಿಸುವುದೇ ಗೌರವ ಎಂದುಕೊಂಡ ಮನೆಯಲ್ಲಿ ಅವರು ಬೇಗ ಕೂತೇಬಿಡುತ್ತಾರೆ. ಹೆಂಗಸರಿಗೆ ಈ ಗೌರವ ಅಷ್ಟು ಬೇಗ ಸಿಗುವುದಿಲ್ಲ. 63ರ ಅವ್ವ ಇವತ್ತಿಗೂ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಾಳೆ, ಕೊಡ ಹೊರುತ್ತಾಳೆ. ಮುಂದೆ ಅಪ್ಪನ ಅಭ್ಯಾಸ ಶುರುವಾದಾಗ ಅವಳು ಒಲೆಯ ಮುಂದಿನಿಂದಲೇ, "ನಾ ದಿನಾ ಮಾಡೂದಕ್ಕ ಯಾರೂ ಹೆಸರ ಇಟ್ಟಿಲ್ಲ ನೋಡ" ಎಂದಳು. ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಇರಲಿಲ್ಲ.

ತಿಂಗಳಾದರೂ ಸುಧಾರಿಸದಿದ್ದಾಗ ಅಪ್ಪನನ್ನು ಒಬ್ಬ ಫಿಜಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಆ ಹೆಣ್ಣುಮಗಳು ಮಂಡಿ ನೋಡಿದಳು, ತೊಡೆ ಒತ್ತಿ ನೋಡಿದಳು. ಕುರ್ಚಿಯ ಮೇಲೆ ಕೂಡ್ರಿಸಿ, ಕೈ ಎದೆಯ ಮೇಲೆ ಕಟ್ಟಿಸಿ, "ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ" ಎಂದಳು. ಅಪ್ಪ ಐದು ಸಲ ಎದ್ದ. ಕೊನೆಯ ಎರಡಕ್ಕೆ ಕೈ ಬಿಚ್ಚಿ ತೊಡೆಗೆ ಊರಿದ. 65ರಿಂದ 69 ವರ್ಷದ ಗಂಡಸು ಈ ಪರೀಕ್ಷೆಯಲ್ಲಿ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಅಮೆರಿಕದ ಆರೋಗ್ಯ ಇಲಾಖೆಯ ಅಳತೆ ಹೇಳುತ್ತದೆ. ಔಷಧಿ ಚೀಟಿಯಲ್ಲಿ ಅವಳು ಬರೆದದ್ದು ಇಷ್ಟೇ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದೂಡುವುದು, ಹಿಮ್ಮಡಿ ಎತ್ತುವುದು, ಒಂದು ಕಾಲಲ್ಲಿ ನಿಲ್ಲುವುದು.

ಅಪ್ಪ ಒಂದು ದಿನವೂ ಮಾಡಲಿಲ್ಲ. "ನಾ ಏನ್ ಸಣ್ಣ ಹುಡುಗ ಅದೇನೇನ, ಕುರ್ಚಿ ಮ್ಯಾಲ ಎದ್ದು ಕುಂತು ಆಟ ಆಡಾಕ?" ಎಂದ. ಸೋಮಾರಿತನ ಅಂದುಕೊಳ್ಳಬೇಡಿ. ಒಂದು ಕಾಲದಲ್ಲಿ ಐನೂರು ಬೈಠಕ್ ತೆಗೆದವನಿಗೆ ಹತ್ತು ಸಲ ಕುರ್ಚಿಯಿಂದ ಏಳುವುದನ್ನು ಮನೆಮಂದಿ ಎಣಿಸುತ್ತ ನಿಲ್ಲುವುದು ಅವಮಾನ. ಇದೇ ನಾಚಿಕೆಗೆ ಕೈಯಲ್ಲಿ ಕೋಲು ಹಿಡಿಯದೆ, ಗೋಡೆ ಹಿಡಿದೂ ಹಿಡಿಯದಂತೆ ನಡೆದು ಬಿದ್ದವರು ನಮ್ಮ ಓಣಿಯಲ್ಲೇ ಇದ್ದಾರೆ.

ಗಂಟು ಬಿಚ್ಚಿದ್ದು ಒಂದು ಶನಿವಾರ. ಅಪ್ಪನಿಗೆ ಗರಡಿಯಲ್ಲಿ ಕಲಿಸಿದ ವಸ್ತಾದರು ಹನುಮಪ್ಪನ ದರ್ಶನ ಮುಗಿಸಿ ಮನೆಗೆ ಬಂದರು. ಎಂಬತ್ತರ ಹತ್ತಿರದ ಜೀವ. ತೆಳ್ಳಗಿದ್ದಾರೆ, ಆದರೆ ನಡು ನೆಟ್ಟಗಿದೆ. ಒಳಗೆ ಬಂದವರೇ, ಕುರ್ಚಿ ತರಲು ಓಡಿದವರನ್ನು ತಡೆದು ನೆಲದ ಮೇಲೆ ಕೂತರು.

"ಏನೋ ಪೈಲ್ವಾನ, ನೆಲ ಬಿಟ್ಟು ಮ್ಯಾಲ ಕುಂತೀಯಲ್ಲ?"

"ಏಳಾಕ ಬರವಲ್ದು ವಸ್ತಾದ್ರ."

"ಬೈಠಕ್ ಮರತಿ ಏನ? ಪೂರಾ ಬ್ಯಾಡ, ಅರ್ಧಾ ತಗಿ. ಹೊರಸು ಹಿಂದ ಇರೂದು ನೀ ಕುಸಿದ್ರ ಹಿಡೀಲಿ ಅಂತ, ಮಲಗಾಕ ಅಲ್ಲ. ಗರಡ್ಯಾಗ ನಿನಗ ಮೊದಲ ದಿನಾನ ದೊಡ್ಡ ಗುಂಡು ಕೊಟ್ಟಿದ್ನೇನ? ಸಣ್ಣದು ಎತ್ತಿದ ಮ್ಯಾಲೆ ತಾನ ಅದರ ಮುಂದಿಂದು?"

ಫಿಜಿಯೋಥೆರಪಿಸ್ಟ್ ಹೇಳಿದ್ದೂ ಅದನ್ನೇ. ಆದರೆ ಅದು 'ಪೇಶೆಂಟಿನ' ಮಾತಾಗಿತ್ತು, ಇದು ಪೈಲ್ವಾನನ ಮಾತು. ಅಪ್ಪ ಅವತ್ತೇ ಹೊರಸಿನಿಂದ ಆರು ಸಲ ಎದ್ದ. ಎಣಿಸಿದವರು ವಸ್ತಾದರು.

ಅಲ್ಲಿಂದ ಮುಂದಿನ ಕ್ರಮ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಮೊದಲು ಎತ್ತರದ ಹೊರಸು, ಕೆಳಗೆ ದಪ್ಪ ದಿಂಡು ಇಟ್ಟು ಇನ್ನಷ್ಟು ಎತ್ತರ. ಒಂದು ಸರದಿಗೆ ಎಂಟು, ನಡುವೆ ಎರಡು ನಿಮಿಷ ದಣಿವಾರಿಸಿಕೊಂಡು ಮೂರು ಸರದಿ. ಒಂದು ದಿನ ಬಿಟ್ಟು ಒಂದು ದಿನ. ಹನ್ನೆರಡು ಸಲ ಸಲೀಸಾದ ಮೇಲೆ ದಿಂಡು ತೆಗೆದದ್ದು. ಆಮೇಲೆ ಕುರ್ಚಿ, ಆಮೇಲೆ ಸಣ್ಣ ಸ್ಟೂಲು, ಎರಡು ತಿಂಗಳ ಹೊತ್ತಿಗೆ ರೊಟ್ಟಿ ಬಡಿಯುವಾಗ ಅವ್ವ ಕೂರುವ ಮಣೆ. ಕೈಗೆ, ಎದೆಗೆ ಗೋಡೆ ದೂಡುವುದು. ಆಮೇಲೆ ಕಟ್ಟೆಗೆ ಕೈ ಕೊಟ್ಟು ಅರ್ಧ ದಂಡ. ಹಿಡಿತಕ್ಕೆ ಅರ್ಧ ತುಂಬಿದ ಎರಡು ಬಕೆಟ್ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುವುದು. ಸಮತೋಲಕ್ಕೆ ಕಂಬದ ಪಕ್ಕ ನಿಂತು ಒಂದೊಂದೇ ಕಾಲು. ಕಂಬ ಹಿಡಿಯಬೇಕೆಂದಿಲ್ಲ, ಕೈಗೆ ಸಿಗುವಂತಿದ್ದರೆ ಸಾಕು. ಬಿ.ಪಿ. ಇದ್ದದ್ದರಿಂದ ಒಂದು ನಿಯಮ ಕಟ್ಟುನಿಟ್ಟು: ಏಳುವಾಗ ಉಸಿರು ಬಿಗಿ ಹಿಡಿಯಬಾರದು, ಬಾಯಿಬಿಟ್ಟು ಎಣಿಸುತ್ತ ಏಳಬೇಕು. ಎಣಿಸುವವನಿಗೆ ಉಸಿರು ಕಟ್ಟಲು ಬರುವುದಿಲ್ಲ.

ಹಗುರ ಆದದ್ದನ್ನೇ ವರ್ಷಗಟ್ಟಲೆ ಮಾಡಿದರೆ ಬಲ ಬರುವುದಿಲ್ಲ. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ನೋವಾಗಬಾರದು. ನಡಿಗೆಯ ಬಗ್ಗೆಯೂ ಇಲ್ಲೇ ಹೇಳಬೇಕು. ನಮ್ಮಲ್ಲಿ ವ್ಯಾಯಾಮ ಎಂದರೆ 'ವಾಕಿಂಗ್' ಎಂದೇ ಆಗಿದೆ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಅದು ಬೇಕೇ ಬೇಕು. ಆದರೆ ನೆಲದಿಂದ ಏಳುವ ಬಲ ಬರೀ ನಡಿಗೆಯಿಂದ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ 65 ದಾಟಿದವರಿಗೆ ಮೂರನ್ನೂ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಓಡಾಟ, ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ಅಭ್ಯಾಸ, ಕನಿಷ್ಠ 3 ದಿನ ಸಮತೋಲ ಮತ್ತು ಬಲ ಎರಡನ್ನೂ ಬೇಡುವ ಅಭ್ಯಾಸ.

"ಈ ವಯಸ್ಸಿನಾಗ ಬಲ ಬರತೈತೇನ?" ಎಂದು ಕೇಳಿದವರಿಗೆ ನಾನು ಬೋಸ್ಟನ್ನಿನ ಕಥೆ ಹೇಳುತ್ತೇನೆ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಅಲ್ಲಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, 86ರಿಂದ 96 ವರ್ಷದ 10 ಮಂದಿಗೆ 8 ವಾರ ಕಾಲಿಗೆ ಭಾರ ಕಟ್ಟಿ ತರಬೇತಿ ಕೊಟ್ಟಳು. ಒಂಬತ್ತು ಮಂದಿ ಪೂರ್ತಿ ಮಾಡಿದರು. ಅವರ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತು. ಇಬ್ಬರು ಕೋಲನ್ನೇ ಬಿಟ್ಟರು. ಆದರೆ ತರಬೇತಿ ನಿಂತ ನಾಲ್ಕೇ ವಾರದಲ್ಲಿ ಬಲ ನೂರಕ್ಕೆ 32ರಷ್ಟು ಇಳಿಯಿತು. ಈ ಎರಡನೆಯ ಮಾತನ್ನೂ ಮುಚ್ಚಿಡದೆ ಹೇಳಬೇಕು. ಇದು ಹತ್ತು ದಿನದ ಔಷಧದ ಕೋರ್ಸು ಅಲ್ಲ, ದಿನದ ರೊಟ್ಟಿಯ ಹಾಗೆ.

ರೊಟ್ಟಿ ಎಂದಾಗ ಊಟದ ಮಾತು. ಗರಡಿಯ ಹುಡುಗರಿಗೆ ಹಾಲು, ಬಾದಾಮಿ, ತುಪ್ಪ ಎಂದು ಮನೆಯವರು ಸಾಲ ಮಾಡಿಯಾದರೂ ಹಾಕುತ್ತಾರೆ. ಅದೇ ಪೈಲ್ವಾನ ಎಪ್ಪತ್ತಕ್ಕೆ ಬಂದಾಗ ರಾತ್ರಿ ಊಟ ಅರ್ಧ ರೊಟ್ಟಿ, ಒಂದು ಲೋಟ ಹಾಲಿಗೆ ಇಳಿದಿರುತ್ತದೆ. ಹಲ್ಲಿಲ್ಲ, ಹಸಿವಿಲ್ಲ, ಕೇಳುವವರೂ ಇಲ್ಲ. ಸ್ನಾಯು ಕಟ್ಟಲು ಪ್ರೋಟೀನು ಬೇಕು. ನಮ್ಮ ದೇಶದ ಶಿಫಾರಸು ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕು ಎಂದು 2013ರಲ್ಲಿ ತಜ್ಞರ ಒಂದು ಅಂತಾರಾಷ್ಟ್ರೀಯ ಗುಂಪು ಹೇಳಿತು. 60 ಕಿಲೋ ತೂಗುವ ಅಪ್ಪನಿಗೆ ಅದು 60ರಿಂದ 72 ಗ್ರಾಂ. ನಮ್ಮದು ಸಸ್ಯಾಹಾರದ ಮನೆ. ಡಬ್ಬಿಯ ಪುಡಿ ಯಾರೂ ತರಲಿಲ್ಲ. ಅವ್ವ ಹೆಸರುಕಾಳು, ಮಡಿಕೆಕಾಳಿನ ಪಲ್ಯವನ್ನು ಎರಡು ಹೊತ್ತಿಗೂ ಮಾಡಿದಳು. ಬೇಳೆ ಗಟ್ಟಿಯಾಯಿತು. ಶೇಂಗಾ ಚಟ್ನಿ ತಟ್ಟೆಯ ಅಂಚಿನಿಂದ ನಡುವಿಗೆ ಬಂತು. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಶೇಂಗಾದಲ್ಲಿ ಏಳೆಂಟು ಗ್ರಾಂ ಪ್ರೋಟೀನು ಇದೆ. ಮೊಸರು ಹೆಚ್ಚಾಯಿತು. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಇನ್ನು ಊಟವೊಂದೇ ಸಾಲದು. ಅದೇ ಬೋಸ್ಟನ್ ತಂಡ 1994ರಲ್ಲಿ 100 ಮಂದಿಯ ಮೇಲೆ ಮಾಡಿದ ಅಧ್ಯಯನದಲ್ಲಿ, ಅಭ್ಯಾಸ ಮಾಡದೆ ಬರೀ ಪೌಷ್ಟಿಕ ಪೇಯ ಕುಡಿದವರಿಗೆ ಬಲ ಬರಲಿಲ್ಲ.

ಮೂರೂವರೆ ತಿಂಗಳಿಗೆ ಅಪ್ಪ ಅರ್ಧ ನಿಮಿಷದಲ್ಲಿ 13 ಸಲ ಎದ್ದ. ನೆಲದಿಂದ ಒಂದು ಕೈ ಊರಿ ಏಳುತ್ತಾನೆ. ಎರಡೂ ಕೈ ಬಿಟ್ಟು ಏಳುವುದು ಇನ್ನೂ ಆಗಿಲ್ಲ, ಆಗದೆಯೂ ಇರಬಹುದು. ಬಲ ಮಂಡಿಯ ಸವೆತ ಹಾಗೇ ಇದೆ, ಚಳಿಯ ಬೆಳಗಿನಲ್ಲಿ ಇಳಿಜಾರು ಇಳಿಯುವಾಗ ಕಟಕಟ ಎನ್ನುತ್ತದೆ. ತೊಡೆಗೆ ಬಲ ಬಂದ ಮೇಲೆ ನೋವು ತಗ್ಗಿತು, ಹೋಗಲಿಲ್ಲ. ಟ್ರ್ಯಾಕ್ಟರಿನ ಮುಂದೆ ಎತ್ತು ಹೂಡುವ ಕಾಲ ಮರಳಿ ಬರದು, ಮೂವತ್ತರ ಮೈಯೂ ಬರದು. ಆದರೆ ರಾತ್ರಿ ಬಚ್ಚಲಿಗೆ ಹೋಗಲು ಯಾರನ್ನೂ ಎಬ್ಬಿಸಬೇಕಾಗಿಲ್ಲ. ಆ ಒಂದು ಸಂಗತಿಯಿಂದ ಅಪ್ಪನ ಮುಖ ಬದಲಾದದ್ದನ್ನು ನೋಡಿದ್ದೇನೆ.

ಬಿದ್ದರೆ ಮಾತ್ರ ಈ ಎಲ್ಲ ದುಡಿಮೆ ಒಂದು ಗಳಿಗೆಯಲ್ಲಿ ಮಣ್ಣು. ಜಗತ್ತಿನಲ್ಲಿ ಅಪಘಾತದ ಸಾವುಗಳಿಗೆ ರಸ್ತೆಯ ನಂತರದ ದೊಡ್ಡ ಕಾರಣ ಬೀಳುವುದು. ನಾವು ಖರ್ಚು ಮಾಡಿದ್ದು ಕಡಿಮೆ: ಬಚ್ಚಲಿನ ನುಣುಪು ಕಲ್ಲಿನ ಮೇಲೆ ಒರಟು ಹಾಸು, ಗೋಡೆಗೆ ಒಂದು ಕಬ್ಬಿಣದ ಹಿಡಿಕೆ, ಹೊಸ್ತಿಲ ಬಳಿ ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು, ಸವೆದ ಹವಾಯಿ ಚಪ್ಪಲಿಗೆ ವಿದಾಯ. ನೀವು ಮನೆಯಲ್ಲಿ ಶುರು ಮಾಡುವುದಾದರೆ, ಎದೆನೋವು, ತಲೆಸುತ್ತು, ಇತ್ತೀಚೆಗೆ ಬಿದ್ದದ್ದು, ಆಪರೇಷನ್ ಆದದ್ದು ಇದ್ದವರನ್ನು ಮೊದಲು ವೈದ್ಯರಿಗೆ ತೋರಿಸಿ. ಮೊದಲ ವಾರಗಳಲ್ಲಿ ಪಕ್ಕದಲ್ಲಿ ಒಬ್ಬರು ನಿಂತಿರಿ. ಕೈ ಹಿಡಿಯಬೇಡಿ, ಹತ್ತಿರ ನಿಂತರೆ ಸಾಕು.

ನಮ್ಮ ಸೀಮೆಗೆ ಮೈ ದಂಡಿಸುವ ಪಾಠ ಹೊಸದಲ್ಲ. 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ, ಸ್ವಾತಂತ್ರ್ಯ ಚಳವಳಿಯ ತರುಣರಿಗೆ ಕವಾಯತು, ಶಿಸ್ತು ಕಲಿಸಿದ ಡಾ. ನಾ. ಸು. ಹರ್ಡೀಕರ್ ಅವರಿಗೆ ಇಲ್ಲೇ ಪಕ್ಕದ ಘಟಪ್ರಭಾದ ಆರೋಗ್ಯಧಾಮದೊಂದಿಗೆ ಗಾಢ ನಂಟಿತ್ತು. ಆದರೆ ಗರಡಿಯಾಗಲಿ ಕವಾಯತಾಗಲಿ, ನಮ್ಮ ಕಲ್ಪನೆಯಲ್ಲಿ ಮೈಬಲ ಎಂದರೆ ತರುಣರದು. ಅರವತ್ತರ ನಂತರದ ಗಂಡಸಿಗೆ ನಾವು ಕೊಟ್ಟದ್ದು ಗುಡಿಯ ಕಟ್ಟೆ. ಊರೂರಿಗೆ ಓಪನ್ ಜಿಮ್ ಬಂದಿವೆ, ನಿಜ. ಧೋತರ ಉಟ್ಟವರು ಆ ಕಬ್ಬಿಣದ ಕುದುರೆ ಹತ್ತಿದ್ದನ್ನು ನಾನು ಕಂಡಿಲ್ಲ. ಗರಡಿಗಳಾದರೋ ಬೆಳಗ್ಗೆ ಹುಡುಗರು ಹೋದ ಮೇಲೆ ದಿನವಿಡೀ ಬೀಗ ಹಾಕಿರುತ್ತವೆ. ಅಲ್ಲಿ ನೆಲವಿದೆ, ಗೋಡೆಯಿದೆ, ಕಂಬವಿದೆ, ಹನುಮಪ್ಪನಿದ್ದಾನೆ, ಎಲ್ಲಕ್ಕಿಂತ ಹೆಚ್ಚಾಗಿ ಹಿರಿಯರಿಗೆ ಅಲ್ಲಿ ಹೋಗಲು ನಾಚಿಕೆಯಿಲ್ಲ.

ಈಗ ಮಂಗಳವಾರ, ಶನಿವಾರ ಎಂಟು ಗಂಟೆಗೆ ವಸ್ತಾದರ ಜೊತೆ ನಮ್ಮ ಓಣಿಯ ಐದು ಮಂದಿ ಸೇರುತ್ತಾರೆ. ಆರು ಮಂದಿ ಇದ್ದರು. ಆರನೆಯವರು ಬರುವುದು ಬಿಟ್ಟು ಮೂರು ವಾರವಾಯಿತು. ಕೇಳಿದರೆ, "ವಯಸ್ಸಾದ ತಂದಿನ್ನ ಹಿಂಗ ಕುಣಸ್ತಾರ ಅಂತ ಮಂದಿ ಏನಂದಾರು?" ಎಂದು ಮಕ್ಕಳು ತಡೆದಿದ್ದಾರಂತೆ. ಒಳ್ಳೆಯ ಮಕ್ಕಳೇ, ತಂದೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುವವರು. ಈ ಶನಿವಾರ ಅಭ್ಯಾಸ ಮುಗಿಸಿ ಅವರ ಮನೆಗೆ ಹೋಗಿ ಮಾತಾಡುವುದೆಂದು ಅಪ್ಪ, ವಸ್ತಾದರು ಗೊತ್ತು ಮಾಡಿದ್ದಾರೆ. ಬೈಕ್ ತೆಗೆಯಲೇ ಎಂದು ಕೇಳಿದೆ. "ಬ್ಯಾಡ, ನಡಕೋತ ಹೋಗೂಣು. ಆ ಹುಡುಗೂರು ನೋಡ್ಲಿ" ಎಂದ ಅಪ್ಪ.